ಮನೆಮಂದಿಗೆಲ್ಲ ಒಪ್ಪುವ ಹಾಸ್ಯ ಧಾರಾವಾಹಿ ಆರಿಸುವುದು ಹೇಗೆ? ಮುಂಬೈ ಕನ್ನಡಿಗರಿಗೊಂದು ಕೈಪಿಡಿ

ಎಲ್ಲರೂ ಕೂಡಿ ನೋಡಬಹುದಾದ ಹಾಸ್ಯ ಧಾರಾವಾಹಿಯೊಂದನ್ನು ಆರಿಸುವುದು ಮುಂಬೈಯ ಕನ್ನಡ ಮನೆಗಳಲ್ಲಿ ಬೆಂಗಳೂರು, ಮೈಸೂರುಗಳ ಮನೆಗಳಿಗಿಂತ ತುಸು ಹೆಚ್ಚು ತೊಡಕಿನ ಕೆಲಸ. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರುವ ಮನೆಯಲ್ಲಿ, ಒಂದೇ ಟಿವಿಯ ಮುಂದೆ, ತುಳುವಿನಲ್ಲೋ ಧಾರವಾಡದ ಕನ್ನಡದಲ್ಲೋ ಯೋಚಿಸುವ ಅಜ್ಜಿ, ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಅಜ್ಜ, ಹಿಂದಿ ಮರಾಠಿಗಳಲ್ಲಿ ಕಚೇರಿಯ ಕೆಲಸ ಮಾಡುವ ಮಗ ಮತ್ತು ಸೊಸೆ, ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಕ್ಕಳು ಕೂತಿರುತ್ತಾರೆ. ಒಬ್ಬರು ಹೊಟ್ಟೆ ಹಿಡಿದುಕೊಂಡು ನಗುವ ಕಡೆ ಇನ್ನೊಬ್ಬರು ಹುಬ್ಬು ಗಂಟಿಕ್ಕುತ್ತಾರೆ. ಆಮೇಲೆ ‘ನಿಮ್ಮ ಕಾಲದವರಿಗೆ ಇದು ತಿಳಿಯುವುದಿಲ್ಲ’, ‘ಇದರಲ್ಲಿ ನಗುವಂಥದ್ದು ಏನಿದೆ’ ಎಂಬ ಮಾತುಗಳು ಆರಂಭವಾಗಿ, ಕೊನೆಗೆ ರಿಮೋಟ್ ಯಾರ ಕೈಯಲ್ಲಿದೆಯೋ ಅವರ ಅಭಿರುಚಿಯೇ ಗೆಲ್ಲುತ್ತದೆ.

ಈ ಭಿನ್ನಾಭಿಪ್ರಾಯಕ್ಕೆ ನಾವು ಸಾಮಾನ್ಯವಾಗಿ ವಯಸ್ಸು, ಭಾಷೆ, ಅಭಿರುಚಿಯ ಮಟ್ಟ ಎಂಬ ಮೂರು ಕಾರಣಗಳನ್ನು ಕೊಡುತ್ತೇವೆ. ಮೂರರಲ್ಲೂ ಅಷ್ಟಿಷ್ಟು ನಿಜವಿದೆಯಾದರೂ ಆಯ್ಕೆ ಮಾಡಬೇಕಾದವರಿಗೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ, ಏಕೆಂದರೆ ಅಜ್ಜಿಯ ವಯಸ್ಸನ್ನಾಗಲಿ ಮೊಮ್ಮಗನ ಶಾಲೆಯನ್ನಾಗಲಿ ಬದಲಾಯಿಸಲು ಬರುವುದಿಲ್ಲ. ಕೆಲಸಕ್ಕೆ ಬರುವ ಪ್ರಶ್ನೆ ಬೇರೆಯೇ ಇದೆ: ಈ ಧಾರಾವಾಹಿಯಲ್ಲಿ ನಗು ಎಲ್ಲಿಂದ ಹುಟ್ಟುತ್ತದೆ, ಮತ್ತು ಅದು ಹುಟ್ಟುವ ಜಾಗದ ಪರಿಚಯ ನೋಡುವವರಿಗೆ ಇದೆಯೇ? ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ.

ಮೊದಲು ನಗುವಿನ ಮೂಲವನ್ನು ಗುರುತಿಸಿ

ಮನೆಯವರನ್ನು ‘ನಿಮಗೆ ಯಾವ ಧಾರಾವಾಹಿ ಇಷ್ಟ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಜನ ಎಲ್ಲರೂ ಹೊಗಳುವ ಹೆಸರನ್ನೋ ತಮಗೆ ಮರ್ಯಾದೆ ತರುವ ಹೆಸರನ್ನೋ ಹೇಳುತ್ತಾರೆ. ಅದರ ಬದಲು, ನೆನೆಸಿಕೊಂಡರೆ ಈಗಲೂ ನಗು ಬರುವ ಒಂದು ಸನ್ನಿವೇಶವನ್ನು ಹೇಳಲು ಕೇಳಿ. ಅವರು ಅದನ್ನು ಹೇಳುವ ರೀತಿಯಲ್ಲೇ ಉತ್ತರ ಸಿಗುತ್ತದೆ. ಕೆಲವರು ಮಾತನ್ನು ಅಕ್ಷರ ಬಿಡದೆ ಒಪ್ಪಿಸುತ್ತಾರೆ, ಕೆಲವರು ಎದ್ದು ನಿಂತು ನಟನ ನಡಿಗೆಯನ್ನು ಮಾಡಿ ತೋರಿಸುತ್ತಾರೆ, ಇನ್ನು ಕೆಲವರು ‘ಆ ಮನುಷ್ಯ ಎಂಥವನೆಂದರೆ’ ಎಂದು ಪಾತ್ರದ ಸ್ವಭಾವದಿಂದಲೇ ಆರಂಭಿಸುತ್ತಾರೆ. ಮೊದಲನೆಯವರನ್ನು ನಗಿಸುವುದು ಮಾತು, ಎರಡನೆಯವರನ್ನು ಆಂಗಿಕ ಅಭಿನಯ, ಮೂರನೆಯವರನ್ನು ಪಾತ್ರ.

ಇನ್ನೂ ಸೂಕ್ಷ್ಮವಾಗಿ ವಿಂಗಡಿಸಬೇಕೆನ್ನುವವರು ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವನ್ನು ತೆರೆಯಬಹುದು. ಹಾಸ್ಯರಸದ ವಿಭಾವಗಳು, ಅಂದರೆ ನಗು ಹುಟ್ಟಿಸುವ ಕಾರಣಗಳು, ಅಲ್ಲಿ ಸಾಲಾಗಿ ಬರುತ್ತವೆ: ವಿಕೃತವಾದ ವೇಷ ಮತ್ತು ಅಲಂಕಾರ, ನಾಚಿಕೆಯೇ ಇಲ್ಲದ ಧಾರ್ಷ್ಟ್ಯ, ಆಸೆಬುರುಕತನವಾದ ಲೌಲ್ಯ, ತಲೆಬುಡವಿಲ್ಲದ ಮಾತಾದ ಅಸತ್ಪ್ರಲಾಪ, ಇನ್ನೊಬ್ಬರ ಕುಂದನ್ನು ಎತ್ತಿ ಆಡುವ ದೋಷೋದಾಹರಣ ಮುಂತಾದವು. ಈ ಪಟ್ಟಿ ಶಾಸ್ತ್ರಗ್ರಂಥದ ಧೂಳಿನಲ್ಲಿ ಬಿದ್ದಿರಬೇಕಾದುದಲ್ಲ. ಮುಂಬೈಯಲ್ಲಿ ತಯಾರಾದ ಹಿಂದಿ ಹಾಸ್ಯ ಧಾರಾವಾಹಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ಗೊತ್ತಾಗುತ್ತದೆ. 1984ರಲ್ಲಿ ದೂರದರ್ಶನದಲ್ಲಿ ಬಂದ ‘ಯೇ ಜೋ ಹೈ ಜಿಂದಗಿ’ಯಲ್ಲಿ ಸತೀಶ್ ಶಾ ಕಂತಿಗೊಂದು ಹೊಸ ವೇಷದಲ್ಲಿ ಕಾಣಿಸಿಕೊಂಡು ನಗಿಸಿದ್ದು ವೇಷದ ಹಾಸ್ಯ. 2001ರ ‘ಆಫೀಸ್ ಆಫೀಸ್’ನಲ್ಲಿ ಪಂಕಜ್ ಕಪೂರ್ ಅಭಿನಯಿಸಿದ ಮುಸದ್ದಿಲಾಲನನ್ನು ಮೇಜಿನಿಂದ ಮೇಜಿಗೆ ಅಲೆಸುವ ನೌಕರರ ನಗು ಧಾರ್ಷ್ಟ್ಯದ್ದು, ಅವರಲ್ಲಿ ಸದಾ ತಿನ್ನುತ್ತಲೇ ಇರುವ ಭಾಟಿಯಾ ಲೌಲ್ಯಕ್ಕೆ ಹೇಳಿ ಮಾಡಿಸಿದ ಉದಾಹರಣೆ. 2002ರ ‘ಖಿಚಡಿ’ಯಲ್ಲಿ ಹಂಸಾ ಒಂದು ಇಂಗ್ಲಿಷ್ ಪದದ ಅರ್ಥ ಕೇಳುವುದು, ಪ್ರಫುಲ್ ಅದಕ್ಕೆ ಎಲ್ಲಿಯದೋ ಒಂದು ಅರ್ಥವನ್ನು ಪೂರ್ಣ ಆತ್ಮವಿಶ್ವಾಸದಿಂದ ಕೊಡುವುದು ಶುದ್ಧ ಅಸತ್ಪ್ರಲಾಪ. 2004ರಲ್ಲಿ ಆರಂಭವಾದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ನಲ್ಲಿ ಕಫ್ ಪರೇಡಿನ ಮಾಯಾ ಸಾರಾಭಾಯ್ ತನ್ನ ಸೊಸೆ ಮೋನಿಶಾಳ ಉಡುಗೆ, ಅಡುಗೆ, ಅಗ್ಗದ ಖರೀದಿಗಳನ್ನು ಹಂಗಿಸುವುದು ದೋಷೋದಾಹರಣ.

ಕೊನೆಯ ಎರಡನ್ನು ಗಮನಿಸಬೇಕು. ‘ಖಿಚಡಿ’ ಮತ್ತು ‘ಸಾರಾಭಾಯ್’ ಎರಡರ ಹಿಂದೆಯೂ ಇದ್ದವರು ಆತೀಶ್ ಕಪಾಡಿಯಾ ಮತ್ತು ಜೆ. ಡಿ. ಮಜೇಠಿಯಾ ಅವರೇ, ಎರಡೂ ಮುಂಬೈಯ ಗುಜರಾತಿ ಕುಟುಂಬಗಳ ಕಥೆಗಳೇ. ಆದರೂ ಒಂದನ್ನು ಮೆಚ್ಚಿದವರು ಇನ್ನೊಂದನ್ನು ಮೆಚ್ಚುತ್ತಾರೆಂಬ ಖಾತರಿಯಿಲ್ಲ. ಪೆದ್ದುತನವನ್ನು ನೋಡಿ ನಗುವವರಿಗೆ ಚುಚ್ಚುಮಾತು ಕ್ರೂರವೆನಿಸಬಹುದು; ಚುಚ್ಚುಮಾತಿನ ಹದವನ್ನು ಸವಿಯುವವರಿಗೆ ಪೆದ್ದುತನ ಬೇಗ ಸಪ್ಪೆಯಾಗಬಹುದು. ಆದ್ದರಿಂದ ನಿರ್ಮಾಪಕರ ಹೆಸರನ್ನು ನಂಬಿ ಆರಿಸುವ ಪದ್ಧತಿ ಹಾಸ್ಯದ ಮಟ್ಟಿಗೆ ಅಷ್ಟಾಗಿ ಫಲ ಕೊಡುವುದಿಲ್ಲ. ವಿಭಾವವನ್ನು ನಂಬಿ ಆರಿಸಿದರೆ ಕೊಡುತ್ತದೆ.

ಅದೇ ಅಧ್ಯಾಯದ ಇನ್ನೊಂದು ಮಾತೂ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಭರತ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಮೊದಲ ಎರಡನ್ನು ಉತ್ತಮರಿಗೂ ನಡುವಿನ ಎರಡನ್ನು ಮಧ್ಯಮರಿಗೂ ಕೊನೆಯ ಎರಡನ್ನು ಅಧಮರಿಗೂ ಕೊಡುತ್ತಾನೆ. ಈ ಶ್ರೇಣಿಯನ್ನು ಇಂದು ಒಪ್ಪಬೇಕಾದ ಅಗತ್ಯವಿಲ್ಲ. ಕಣ್ಣಲ್ಲಿ ನೀರು ಬರುವಂತೆ ನಗುವವರನ್ನು ಅಧಮರೆನ್ನುವ ಧೈರ್ಯ ಯಾರಿಗೂ ಬಾರದಿರಲಿ. ಆದರೆ ಹಲ್ಲು ಕಾಣಿಸದ ನಸುನಗುವೂ ನಗುವೇ ಎಂಬುದನ್ನು ಇದರಿಂದ ತಿಳಿಯಬಹುದು. ಮನೆಯ ಹಿರಿಯರೊಬ್ಬರು ಗಟ್ಟಿಯಾಗಿ ನಗಲಿಲ್ಲವೆಂಬ ಒಂದೇ ಕಾರಣಕ್ಕೆ ಅವರಿಗೆ ಧಾರಾವಾಹಿ ಹಿಡಿಸಲಿಲ್ಲವೆಂದು ತೀರ್ಮಾನಿಸಿ ಚಾನೆಲ್ ಬದಲಾಯಿಸುವುದು ಅವಸರದ ಕೆಲಸ. ಮಾರನೆಯ ಸಂಜೆ ಅವರಾಗಿಯೇ ‘ಅದು ಎಷ್ಟು ಗಂಟೆಗೆ’ ಎಂದು ಕೇಳುತ್ತಾರೆಯೇ ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಯಾರಿಗೆ ಯಾವ ಲೋಕದ ಪರಿಚಯವಿದೆ ಎಂದು ನೋಡಿ

ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು. ಹಾಸ್ಯ ಧಾರಾವಾಹಿ ಎಂದರೆ ಒಂದು ಪುಟ್ಟ ಲೋಕ: ಒಂದು ಮನೆ, ಒಂದು ಕಚೇರಿ, ಒಂದು ಹೌಸಿಂಗ್ ಸೊಸೈಟಿ, ಒಂದು ಹೋಟೆಲು. ಆ ಲೋಕದ ನಿಯಮ ಗೊತ್ತಿದ್ದವರಿಗೆ ಮಾತ್ರ ಅದು ಮುರಿದಾಗ ನಗು ಬರುತ್ತದೆ. ಭಾಷೆ ಬಾರದಿದ್ದರೂ ಲೋಕ ಗೊತ್ತಿದ್ದರೆ ನಗಬಹುದು. ಭಾಷೆ ಚೆನ್ನಾಗಿ ಬಂದರೂ ಲೋಕ ಗೊತ್ತಿಲ್ಲದಿದ್ದರೆ ಬರೀ ನೋಡುತ್ತ ಕೂರಬೇಕಾಗುತ್ತದೆ.

ಬಿಬಿಸಿಯ ‘ಫಾಲ್ಟಿ ಟವರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಕಂತುಗಳಷ್ಟೇ ಇರುವ, ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದ ಈ ಧಾರಾವಾಹಿ ಇಂಗ್ಲೆಂಡಿನ ಸಮುದ್ರತೀರದ ಪಟ್ಟಣವೊಂದರ ಸಣ್ಣ ಹೋಟೆಲಿನಲ್ಲಿ ನಡೆಯುತ್ತದೆ. ಇಂಗ್ಲಿಷ್ ಕಾಲೇಜಿನಲ್ಲಿ ಓದಿದವರಿಗೇ ಇದು ಮೀಸಲು ಎಂದುಕೊಳ್ಳುವುದು ಸಹಜ. ಆದರೆ ಆರೋಗ್ಯ ಇಲಾಖೆಯ ಅಧಿಕಾರಿ ಅಡುಗೆಮನೆಗೆ ಬಂದು ಕೊಳಕಿನ ಪಟ್ಟಿ ಓದುವ, ಅದೇ ಹೊತ್ತಿಗೆ ಹೋಟೆಲಿನೊಳಗೆ ಇಲಿಯೊಂದು ಓಡಾಡಿಕೊಂಡಿರುವ ಕೊನೆಯ ಕಂತನ್ನು, ಆಯುಷ್ಯವೆಲ್ಲ ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ಕಳೆದ ಮುಂಬೈಯ ಹಿರಿಯರೊಬ್ಬರ ಮುಂದೆ ಹಾಕಿ ನೋಡಿ. ಮಹಾನಗರಪಾಲಿಕೆಯ ತಪಾಸಣೆಯವರು ಬಂದಾಗ ಅಡುಗೆಮನೆಯಲ್ಲಿ ಏನೇನು ನಡೆಯುತ್ತದೆಂದು ಬಲ್ಲವರಿಗೆ ಅದರ ಒಂದೊಂದು ಕ್ಷಣವೂ ಮನೆಯ ಮಾತೇ. ಅವರ ಮೊಮ್ಮಗನಿಗೆ ಆ ಹೋಟೆಲಿನ ಮಾಲೀಕ ಬೇಸಿಲ್ ಫಾಲ್ಟಿಯ ಇಂಗ್ಲಿಷ್ ಪೂರ್ತಿ ಅರ್ಥವಾದರೂ, ಗಿರಾಕಿ ನೋಡುವ ಮೊದಲೇ ತಟ್ಟೆಯನ್ನು ಎತ್ತಬೇಕಾದ ಆತಂಕ ಅರ್ಥವಾಗದೆ ಹೋಗಬಹುದು.

ಹೀಗೆಯೇ ‘ಯೆಸ್ ಮಿನಿಸ್ಟರ್’. 1980ರಿಂದ 1984ರವರೆಗೆ ಬಂದ ಈ ಧಾರಾವಾಹಿಯಲ್ಲಿ ಹಿರಿಯ ಅಧಿಕಾರಿ ಸರ್ ಹಂಫ್ರಿ ಒಂದು ಸರಳ ಪ್ರಶ್ನೆಗೆ ಉಸಿರುಗಟ್ಟುವಷ್ಟು ಉದ್ದದ ವಾಕ್ಯದಲ್ಲಿ ಉತ್ತರ ಕೊಟ್ಟು ಮಂತ್ರಿಯನ್ನು ಸುಸ್ತುಮಾಡುತ್ತಾನೆ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಸೇರಿ, ವರ್ಗವಾಗಿ ಮುಂಬೈಗೆ ಬಂದು, ಮುಖ್ಯ ಕಚೇರಿಯ ಸುತ್ತೋಲೆಗಳನ್ನು ಓದುತ್ತಲೇ ನಿವೃತ್ತರಾದವರಿಗೆ ಈ ಹಾಸ್ಯದ ಬಗ್ಗೆ ಯಾವ ಪೀಠಿಕೆಯೂ ಬೇಡ. ಇಂಗ್ಲಿಷಿನ ಓಟ ಕಷ್ಟವೆನಿಸಿದರೆ ಇದನ್ನೇ ಹಿಂದಿಗೆ ಅಳವಡಿಸಿದ, ಫಾರೂಕ್ ಶೇಖ್ ಮಂತ್ರಿಯಾಗಿ ಅಭಿನಯಿಸಿದ 2001ರ ‘ಜೀ ಮಂತ್ರೀಜಿ’ ಇದೆ.

ನಮ್ಮ ಊರಿನ ಲೋಕವನ್ನೇ ನೋಡಬೇಕೆನ್ನುವವರಿಗೆ ‘ವಾಗ್ಲೆ ಕೀ ದುನಿಯಾ’ಕ್ಕಿಂತ ಹತ್ತಿರದ್ದು ಸಿಗುವುದು ಕಷ್ಟ. ಮೈಸೂರಿನಲ್ಲಿ ಹುಟ್ಟಿ, ಡಾ. ಎಂ. ಶಿವರಾಂ ಅವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದು, ಮುಂಬೈಯಲ್ಲಿ ದಶಕಗಳ ಕಾಲ ವ್ಯಂಗ್ಯಚಿತ್ರಕಾರರಾಗಿ ದುಡಿದು, 2015ರಲ್ಲಿ ಪುಣೆಯಲ್ಲಿ ತೀರಿಕೊಂಡ ಆರ್. ಕೆ. ಲಕ್ಷ್ಮಣ್ ಅವರ ಕಲ್ಪನೆಯ ಪಾತ್ರಗಳನ್ನು ಕುಂದನ್ ಶಾ 1988ರಲ್ಲಿ ದೂರದರ್ಶನಕ್ಕೆ ತಂದರು. ಅಂಜನ್ ಶ್ರೀವಾಸ್ತವ್ ಅವರ ವಾಗ್ಲೆ, ಭಾರತಿ ಆಚರೇಕರ್ ಅವರ ರಾಧಿಕಾ ಯಾರನ್ನೂ ಹೀಗಳೆಯುವುದಿಲ್ಲ. ತಿಂಗಳ ಕೊನೆಯ ಖರ್ಚು, ನೆಂಟರ ಭೇಟಿ, ಮೇಲಧಿಕಾರಿಯ ಮುನಿಸು, ಇಷ್ಟರಲ್ಲೇ ಅವರ ನಗು ಇದೆ. ಇದರಲ್ಲಿ ಅಟ್ಟಹಾಸದ ನಗುವನ್ನು ನಿರೀಕ್ಷಿಸಿದವರು ನಿರಾಶರಾಗುತ್ತಾರೆ, ಆದರೆ ಮೂರು ತಲೆಮಾರು ಒಟ್ಟಿಗೆ ಕೂರುವ ಮನೆಗೆ ನಾನು ಮೊದಲು ಸೂಚಿಸುವುದು ಇದನ್ನೇ. 2021ರಲ್ಲಿ ಬಂದ ಹೊಸ ರೂಪದಲ್ಲಿ ಅದೇ ನಟರಿಬ್ಬರು ಹಿರಿಯ ತಲೆಮಾರಾಗಿ, ಅವರ ಮಗನಾಗಿ ಸುಮೀತ್ ರಾಘವನ್ ಕಾಣಿಸಿಕೊಂಡಿರುವುದರಿಂದ ಹಳೆಯದನ್ನು ನೋಡಿದ ಅಜ್ಜ ಅಜ್ಜಿಯರಿಗೂ ಹೊಸದನ್ನು ಮಾತ್ರ ಬಲ್ಲ ಮಕ್ಕಳಿಗೂ ಮಾತಾಡಲು ಒಂದು ಸಮಾನ ವಿಷಯ ಸಿಗುತ್ತದೆ. ಮರಾಠಿ ಬಲ್ಲ ಮನೆಗಳು ಇದರ ಜೊತೆಗೆ 2001ರಲ್ಲಿ ಆರಂಭವಾದ ‘ಶ್ರೀಯುತ ಗಂಗಾಧರ ಟಿಪರೆ’ಯನ್ನೂ ಇಟ್ಟುಕೊಳ್ಳಬಹುದು. ಮೂರು ತಲೆಮಾರಿನ ಮನೆಯೊಂದರಲ್ಲಿ ಅಜ್ಜನಾಗಿ ದಿಲೀಪ್ ಪ್ರಭಾವಳ್ಕರ್ ಅಭಿನಯಿಸಿದ ರೀತಿಯನ್ನು ನೋಡಿದ ಮೇಲೆ, ಮುದುಕರ ಪಾತ್ರವೆಂದರೆ ಕೆಮ್ಮು ಮತ್ತು ಕೋಲು ಎಂದುಕೊಂಡಿರುವ ನಟರ ಬಗ್ಗೆ ಕನಿಕರ ಹುಟ್ಟುತ್ತದೆ.

ಭಾಷೆಯ ವಿಷಯದಲ್ಲಿ ಎಚ್ಚರ

ಹಲವು ಭಾಷೆಗಳ ಮನೆಯಲ್ಲಿ ಮೊದಲಿಗೆ ಮೈಯಿಂದ ನಗಿಸುವವರನ್ನು, ಆಮೇಲೆ ಸನ್ನಿವೇಶದಿಂದ ನಗಿಸುವವರನ್ನು, ಕೊನೆಗೆ ಮಾತಿನಿಂದ ನಗಿಸುವವರನ್ನು ಕರೆತರುವುದು ಒಳ್ಳೆಯ ಕ್ರಮ. 1990ರಲ್ಲಿ ಆರಂಭವಾದ ‘ಮಿಸ್ಟರ್ ಬೀನ್’ಗೆ ಭಾಷೆಯೇ ಬೇಕಾಗಿಲ್ಲ, ರೋವನ್ ಅಟ್ಕಿನ್ಸನ್ ಅವರ ಹುಬ್ಬು ಮತ್ತು ಮೊಣಕಾಲುಗಳೇ ಸಾಕು. ‘ತಾರಕ್ ಮೆಹತಾ ಕಾ ಉಲ್ಟಾ ಚಶ್ಮಾ’ ಸನ್ನಿವೇಶದ ಹಾಸ್ಯ. ಗುಜರಾತಿ ‘ಚಿತ್ರಲೇಖಾ’ ವಾರಪತ್ರಿಕೆಯ ಅಂಕಣವನ್ನು ಆಧರಿಸಿ 2008ರ ಜುಲೈ 28ರಂದು ಆರಂಭವಾಗಿ 4000ಕ್ಕೂ ಹೆಚ್ಚು ಕಂತುಗಳನ್ನು ದಾಟಿದ ಇದರ ಗೋಕುಲಧಾಮ ಗೋರೆಗಾಂವ್ ಪೂರ್ವದ ಒಂದು ಸೊಸೈಟಿ; ಸೊಸೈಟಿಯ ಸಭೆಯಲ್ಲಿ ಒಮ್ಮೆ ಕೂತೆದ್ದವರಿಗೆ ಅಲ್ಲಿನ ಕಾರ್ಯದರ್ಶಿ ಭಿಡೆ ಮಾಸ್ತರರನ್ನು ಪರಿಚಯಿಸಬೇಕಾಗಿಲ್ಲ. ಇಷ್ಟು ದೀರ್ಘಕಾಲ ನಡೆದ ಧಾರಾವಾಹಿಯ ಎಲ್ಲ ಕಂತುಗಳೂ ಒಂದೇ ಹದದಲ್ಲಿವೆ ಎಂದು ಯಾರೂ ಹೇಳಲಾರರು. ಮೊದಲ ಕೆಲವು ವರ್ಷಗಳ ಕಂತುಗಳನ್ನು ಆರಿಸಿಕೊಳ್ಳುವುದು ಜಾಣತನ.

ಮಾತಿನ ಹಾಸ್ಯಕ್ಕೆ ಬಂದಾಗ ಸಬ್‌ಟೈಟಲಿನ ಒಂದು ತೊಂದರೆಯನ್ನು ನೆನಪಿಡಬೇಕು. ಪರದೆಯ ಕೆಳಗಿನ ಸಾಲು ಸಾಮಾನ್ಯವಾಗಿ ನಟ ಮಾತನ್ನು ಮುಗಿಸುವ ಮೊದಲೇ ಪೂರ್ತಿಯಾಗಿ ಮೂಡುತ್ತದೆ. ಓದು ಬಲ್ಲವರ ಕಣ್ಣು ವಾಕ್ಯದ ತುದಿಗೆ ಓಡಿ, ನಗಿಸುವ ಪದವನ್ನು ನಟನಿಗಿಂತ ಮುಂಚೆ ಮುಟ್ಟಿಬಿಡುತ್ತದೆ. ಹೀಗಾಗಿ ಓದಿ ನಗುವವರು ಒಂದು ಕ್ಷಣದಲ್ಲಿ, ಕೇಳಿ ನಗುವವರು ಇನ್ನೊಂದು ಕ್ಷಣದಲ್ಲಿ ನಕ್ಕು, ಇಬ್ಬರ ನಗುವೂ ಅರ್ಧವಾಗುತ್ತದೆ. ಮನೆಯಲ್ಲಿ ಹೆಚ್ಚಿನವರಿಗೆ ಆ ಭಾಷೆ ಕಿವಿಗೆ ಸಿಗುವುದಾದರೆ ಸಬ್‌ಟೈಟಲನ್ನು ತೆಗೆದುಹಾಕಿ, ಉಳಿದೊಬ್ಬರಿಗೆ ಕಂತಿನ ಆರಂಭದಲ್ಲೇ ಕಥೆಯ ತಿರುಳನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಮೇಲು. ನಡುನಡುವೆ ‘ಈಗ ಅವನು ಏನೆಂದನೆಂದರೆ’ ಎಂದು ವಿವರಿಸುವ ಉತ್ಸಾಹವನ್ನು ಮಾತ್ರ ದಯವಿಟ್ಟು ತಡೆದುಕೊಳ್ಳಿ.

ಕನ್ನಡದ ಧಾರಾವಾಹಿಗಳಾದರೆ ಈ ಸಮಸ್ಯೆ ಇರುವುದಿಲ್ಲವೆಂದು ತೋರಬಹುದು, ಆದರೆ ಹಾಗೇನಿಲ್ಲ. ಈಟಿವಿ ಕನ್ನಡದಲ್ಲಿ ಬಂದ, ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ಯಲ್ಲಿ ಸಮಾಜಸೇವಕಿ ಲಲಿತಾಂಬ ಮತ್ತು ಡಾಕ್ಟರ್ ವಿಠ್ಠಲ್ ರಾವ್ ಅವರ ಮಾತುಗಳು, ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ವಿನಲ್ಲಿ ಹೆಂಡತಿ ಶ್ರೀಮತಿಯ ಕೈಗೆ ಸಿಕ್ಕಿ ಒದ್ದಾಡುವ ಪಾಂಡುವಿನ ಗೋಳು, ಎರಡೂ ಬೆಂಗಳೂರಿನ ಆಡುಗನ್ನಡದ ಲಯದಲ್ಲಿವೆ. ಕರಾವಳಿಯ ಮನೆಯವರಿಗೂ ಹುಬ್ಬಳ್ಳಿ ಕಡೆಯವರಿಗೂ ಇವು ಅರ್ಥವಾಗುತ್ತವೆ, ಆದರೆ ಮಾತಿನ ವರಸೆಗೆ ಕಿವಿ ಒಗ್ಗಲು ಎರಡು ಮೂರು ಕಂತುಗಳು ಬೇಕಾಗುತ್ತವೆ. ಮುಂಬೈಯಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಕಿವಿಗೆ ಬೀಳಲಿ ಎಂಬ ಉದ್ದೇಶದಿಂದ ಇವನ್ನು ಹಾಕುವ ತಂದೆತಾಯಿಗಳಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಅದನ್ನು ಮಕ್ಕಳ ಮುಂದೆ ಹೇಳಬಾರದು. ಪಾಠವೆಂದು ಗೊತ್ತಾದ ಕೂಡಲೇ ಹಾಸ್ಯ ಅಲ್ಲಿಂದ ಎದ್ದು ಹೋಗುತ್ತದೆ.

ಇಲ್ಲಿ ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಹಿಂದಿ ಹಾಸ್ಯದಲ್ಲಿ ದಕ್ಷಿಣದವನೆಂದರೆ ಹಣೆಗೆ ವಿಭೂತಿ ಬಳಿದುಕೊಂಡು ‘ಅಯ್ಯಯ್ಯೋ’ ಎನ್ನುವವನು ಎಂಬ ಹಳೆಯ ಚಾಳಿಯಿದೆ. ಬೆಂಗಳೂರಿನ ಕನ್ನಡ ಹಾಸ್ಯದಲ್ಲಿ ಮಂಗಳೂರಿನವರನ್ನೂ ಉತ್ತರ ಕರ್ನಾಟಕದವರನ್ನೂ ಅವರ ಉಚ್ಚಾರಣೆಯಿಂದಲೇ ನಗೆಪಾಟಲು ಮಾಡುವ ಚಾಳಿಯೂ ಇದೆ. ಮುಂಬೈಯಲ್ಲಿ ಎಷ್ಟೋ ವರ್ಷ ‘ಮದ್ರಾಸಿ’ ಎನಿಸಿಕೊಂಡು ದುಡಿದವರೊಬ್ಬರು ಇಂಥ ಸನ್ನಿವೇಶಕ್ಕೆ ನಗದಿದ್ದರೆ ಅವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದಲ್ಲ. ಆ ಹಾಸ್ಯದ ಬೆಲೆಯನ್ನು ಅವರು ಈಗಾಗಲೇ ಕೊಟ್ಟಿದ್ದಾರೆ. ವಿದೇಶಿಯರಿಗೆ ಇಂಗ್ಲಿಷ್ ಕಲಿಸುವ ತರಗತಿಯೊಂದರ ಕಥೆಯಾಗಿ ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ‘ಮೈಂಡ್ ಯುವರ್ ಲಾಂಗ್ವೇಜ್’ ಇದೇ ಕಾರಣಕ್ಕೆ, ಒಂದೊಂದು ದೇಶದವರನ್ನು ಒಂದೊಂದು ಅಚ್ಚಿನಲ್ಲಿ ಎರಕ ಹೊಯ್ದಿದೆ ಎಂಬ ಟೀಕೆಗೆ ಗುರಿಯಾಯಿತು. ಅದನ್ನು ಹಿಂದಿಗೆ ತಂದ 1993ರ ‘ಜಬಾನ್ ಸಂಭಾಲ್ ಕೆ’ಯನ್ನು ನಮ್ಮಲ್ಲಿ ಪ್ರೀತಿಯಿಂದ ನೆನೆಯುವವರು ಬಹಳ, ಮತ್ತು ಪಂಕಜ್ ಕಪೂರ್ ಅವರ ಮೇಷ್ಟ್ರು ಆ ಪ್ರೀತಿಗೆ ಅರ್ಹರು. ಆದರೂ ಎಲ್ಲರ ಜೊತೆ ಕೂತು ನೋಡುವ ಪಟ್ಟಿಗೆ ಇಂಥದ್ದನ್ನು ಸೇರಿಸುವ ಮೊದಲು, ಆ ಕೋಣೆಯಲ್ಲಿ ನಗೆಗೆ ಗುರಿಯಾಗುವವರು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳುವುದು ಲೇಸು.

ಎಷ್ಟು ಕಂತು ನೋಡಿ ತೀರ್ಮಾನಿಸಬೇಕು?

ಮೊದಲ ಕಂತನ್ನು ನೋಡಿ ಯಾವ ಹಾಸ್ಯ ಧಾರಾವಾಹಿಯನ್ನೂ ತಳ್ಳಿಹಾಕಬೇಡಿ. ಪಾತ್ರದ ಹಾಸ್ಯ ಪರಿಚಯದಿಂದ ಬೆಳೆಯುವಂಥದ್ದು. ಆತ ಇಂಥ ಹೊತ್ತಿನಲ್ಲಿ ಹೀಗೇ ಮಾಡುತ್ತಾನೆಂದು ನಮಗೆ ಮೊದಲೇ ಗೊತ್ತಾಗುವ ಹಂತ ಬಂದ ಮೇಲಷ್ಟೇ ಅವನು ಬಾಗಿಲು ತೆರೆದರೂ ನಗು ಬರುತ್ತದೆ. ಅಮೆರಿಕದ ‘ಸೈನ್‌ಫೆಲ್ಡ್’ನ ಮೊದಲ ಕಂತು 1989ರ ಜುಲೈ 5ರಂದು ಪ್ರಸಾರವಾದಾಗ ವಾಹಿನಿಗೆ ಅದರ ಮೇಲೆ ಅಷ್ಟು ಭರವಸೆಯಿರಲಿಲ್ಲ, ಮುಂದಕ್ಕೆ ಕೇಳಿದ್ದು ಬರೀ ನಾಲ್ಕು ಕಂತುಗಳನ್ನು. ಅದೇ ಧಾರಾವಾಹಿ 1998ರ ಹೊತ್ತಿಗೆ 180 ಕಂತುಗಳನ್ನು ಮುಗಿಸಿತ್ತು. ‘ದಿ ಆಫೀಸ್’ನ ಅಮೆರಿಕನ್ ರೂಪ 2005ರಲ್ಲಿ ಆರಂಭವಾದಾಗ ಮೊದಲ ಕಂತು 2001ರ ಬ್ರಿಟಿಷ್ ಮೂಲದ ಬಹುಮಟ್ಟಿನ ನಕಲಾಗಿತ್ತು, ತನ್ನದೇ ಧ್ವನಿಯನ್ನು ಕಂಡುಕೊಂಡದ್ದು ಆಮೇಲೆ. ನಮ್ಮ ‘ಸಾರಾಭಾಯ್’ ಕೂಡ ಮೊದಲ ಪ್ರಸಾರಕ್ಕಿಂತ ಮರುಪ್ರಸಾರಗಳಲ್ಲಿ ಹೆಚ್ಚು ಹೆಸರು ಗಳಿಸಿತು. ಆದ್ದರಿಂದ ಹೊಸ ಧಾರಾವಾಹಿಯನ್ನು ಮನೆಯವರಿಗೆ ತೋರಿಸುವಾಗ, ಅದನ್ನು ಈಗಾಗಲೇ ನೋಡಿದವರು ಮೊದಲ ಕಂತನ್ನು ಬಿಟ್ಟು, ಮುಖ್ಯ ಪಾತ್ರಗಳೆಲ್ಲ ಬರುವ, ಕಥೆ ಒಂದೇ ಕಂತಿನಲ್ಲಿ ಮುಗಿಯುವ ಒಂದನ್ನು ನಡುವಿನಿಂದ ಆರಿಸಿಕೊಡಬೇಕು. ನಾಲ್ಕು ಕಂತಿನ ಮೇಲೂ ಯಾರಿಗೂ ಹಿಡಿಸದಿದ್ದರೆ ಬಿಟ್ಟುಬಿಡಬಹುದು. ‘ಮುಂದೆ ಚೆನ್ನಾಗಿದೆ’ ಎಂಬ ಮಾತಿಗೂ ಒಂದು ಮಿತಿ ಬೇಕಲ್ಲ.

‘ದಿ ಆಫೀಸ್’ ಬಗ್ಗೆ ಹೇಳುವಾಗ ಮುಜುಗರದ ಹಾಸ್ಯವನ್ನೂ ಹೇಳಬೇಕು. ಪಾತ್ರವೊಂದು ತಾನು ಜಾಣನೆಂದು ತಿಳಿದು ಎಲ್ಲರ ಮುಂದೆ ಪೆಚ್ಚಾಗುವುದನ್ನು, ಅದೂ ಯಾರೂ ನಗದ ಮೌನದಲ್ಲಿ, ಎಳೆದೆಳೆದು ತೋರಿಸುವ ಈ ಬಗೆಯನ್ನು ಕೆಲವರು ಸವಿಯುತ್ತಾರೆ. ಇನ್ನು ಕೆಲವರು, ತಾವೇ ಪೆಚ್ಚಾದಂತೆ, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ. ಎರಡನೆಯವರನ್ನು ಒಪ್ಪಿಸಲು ಹೋಗಬೇಡಿ. ಅವರಿಗೆ ಪಾತ್ರ ಅರ್ಥವಾಗಿಲ್ಲವೆಂದಲ್ಲ. ಅತಿಯಾಗಿ ಅರ್ಥವಾಗಿದೆ, ಅಷ್ಟೇ.

ಹಿನ್ನೆಲೆಯ ನಗು ಮತ್ತು ಕೋಣೆಯ ನಗು

ಧಾರಾವಾಹಿಯೊಳಗೇ ಕೇಳಿಸುವ ನಗು ಅನೇಕ ಮನೆಗಳಲ್ಲಿ ವಾದಕ್ಕೆ ಕಾರಣವಾಗುತ್ತದೆ. ಹಿರಿಯರಿಗೆ ಅದು ಸಹಜವೆನಿಸಿದರೆ, ಫೋನಿನಲ್ಲಿ ನೋಡಿ ಬೆಳೆದ ಮಕ್ಕಳಿಗೆ ಅದು ಕಿರಿಕಿರಿ. ಎರಡು ಬೇರೆ ಸಂಗತಿಗಳನ್ನು ಇಲ್ಲಿ ಒಂದೆಂದು ತಿಳಿಯಲಾಗುತ್ತಿದೆ. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ಯನ್ನು ನಿಜವಾದ ಪ್ರೇಕ್ಷಕರ ಎದುರು ಮೂರು ಕ್ಯಾಮೆರಾಗಳಿಂದ ಫಿಲ್ಮಿನಲ್ಲಿ ಚಿತ್ರಿಸಲಾಗುತ್ತಿತ್ತು, ಅಲ್ಲಿನ ನಗು ಎದುರು ಕೂತವರದು, ಮತ್ತು ನಟರು ಆ ನಗುವಿಗಾಗಿ ನಿಂತು ಮುಂದುವರಿಯುತ್ತಾರೆ. ಇನ್ನೊಂದು, ಅದೇ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ತಂತ್ರಜ್ಞ ರೂಪಿಸಿದ, ಮುದ್ರಿಸಿಟ್ಟ ನಗುವನ್ನು ಬೇಕಾದ ಕಡೆ ಸೇರಿಸುವ ಯಂತ್ರದ್ದು. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆಯಾದ ‘ಮ್ಯಾಶ್’ನಲ್ಲಿ ಶಸ್ತ್ರಚಿಕಿತ್ಸೆಯ ದೃಶ್ಯಗಳಿಗೆ ಇಂಥ ನಗುವನ್ನು ಹಾಕಬಾರದೆಂದು ನಿರ್ಮಾಪಕರು ಪಟ್ಟು ಹಿಡಿದಿದ್ದರು, ಬಿಬಿಸಿ ಅದನ್ನು ಹಿನ್ನೆಲೆಯ ನಗುವಿಲ್ಲದೆಯೇ ಪ್ರಸಾರ ಮಾಡಿತು. ಮೊದಲನೆಯ ಬಗೆಯನ್ನು ನಾಟಕದಂತೆ ನೋಡಬೇಕೆಂದು ಮಕ್ಕಳಿಗೆ ತಿಳಿಹೇಳಿದರೆ ಅವರ ದೂರು ಎಷ್ಟೋ ಕಡಿಮೆಯಾಗುತ್ತದೆ. ಎರಡನೆಯ ಬಗೆಯ ಬಗ್ಗೆ ಅವರ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ಒಂಟಿಯಾಗಿದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ಜನ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದು ನಗುವನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಬರೆದಿದ್ದಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿಯೋ ಮಾಹಿಮ್‌ನ ಕರ್ನಾಟಕ ಸಂಘದ ಸಭಾಂಗಣದಲ್ಲಿಯೋ ಕನ್ನಡದ ನಗೆನಾಟಕ ನೋಡಿದವರಿಗೆ ಇದು ಹೊಸ ವಿಷಯವಲ್ಲ. ಹಾಗಾಗಿ ಒಬ್ಬರೇ ನೋಡಿ ಸಪ್ಪೆಯೆನಿಸಿದ ಕಂತನ್ನು ಮನೆಯವರ ಜೊತೆ ಇನ್ನೊಮ್ಮೆ ನೋಡಿಯೇ ತೀರ್ಪು ಕೊಡಿ. ಕಂತೊಂದು ಜಾಹೀರಾತು ಬಿಟ್ಟರೆ ಸುಮಾರು 22 ನಿಮಿಷ. ಲೋಕಲಿನಿಂದ ಇಳಿದು ಬಂದವರು ಕೈಕಾಲು ತೊಳೆದು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ಆ ಹೊತ್ತು ಎಲ್ಲರ ಫೋನುಗಳೂ ಬೇರೆ ಕೋಣೆಯಲ್ಲಿರಲಿ, ಏಕೆಂದರೆ ಹಾಸ್ಯದಲ್ಲಿ ಒಂದು ನೋಟ ತಪ್ಪಿದರೆ ಮುಂದಿನ ಐದು ನಿಮಿಷದ ನಗು ತಪ್ಪುತ್ತದೆ.

ಆಯ್ಕೆಯ ಹಕ್ಕನ್ನು ಸರದಿಯಲ್ಲಿ ಹಂಚಿ. ಒಬ್ಬೊಬ್ಬರಿಗೆ ಒಂದು ವಾರ ಕೊಟ್ಟರೆ ಸಾಕು. ತಡೆಯುವ ಹಕ್ಕನ್ನು ಮಾತ್ರ ಎಲ್ಲರಿಗೂ ಕೊಡಿ, ಆದರೆ ಕಾರಣ ಹೇಳಬೇಕೆಂಬ ನಿಯಮದೊಂದಿಗೆ. ‘ನನಗೆ ಹಿಡಿಸುವುದಿಲ್ಲ’ ಎನ್ನುವುದು ಕಾರಣವಲ್ಲ. ‘ಅತ್ತೆ ಸೊಸೆಯನ್ನು ಹಂಗಿಸುವುದನ್ನು ನೋಡಿ ನಗಲು ನನಗೆ ಆಗುವುದಿಲ್ಲ’ ಎನ್ನುವುದು ಕಾರಣ, ಮತ್ತು ಇಂಥ ಒಂದು ವಾಕ್ಯ ಮುಂದಿನ ಆಯ್ಕೆಗೆ ಹತ್ತು ವಿಮರ್ಶೆಗಳಿಗಿಂತ ಹೆಚ್ಚು ನೆರವಾಗುತ್ತದೆ. ಗಣೇಶ ಚೌತಿಗೋ ಮೇ ತಿಂಗಳ ರಜೆಗೋ ಊರಿನಿಂದ ನೆಂಟರು ಬಂದಾಗ ಹೊಸ ಪ್ರಯೋಗ ಬೇಡ, ‘ಮಿಸ್ಟರ್ ಬೀನ್’ ಇಲ್ಲವೇ ‘ವಾಗ್ಲೆ’ ಸಾಕು. ಇಷ್ಟೆಲ್ಲ ಮಾಡಿದ ಮೇಲೂ ಮನೆಯಲ್ಲಿ ಒಬ್ಬರಿಗೆ ಯಾವುದೂ ರುಚಿಸದಿದ್ದರೆ ಅವರ ಪಾಲಿನ ವಾರವನ್ನು ಕ್ರಿಕೆಟ್ಟಿಗೋ ವಾರ್ತೆಗೋ ಬಿಟ್ಟುಕೊಡಿ. ಉಳಿದವರು ಆ ವಾರ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿಕೊಳ್ಳಬಹುದು.